ಸ್ವಿಚ್ ಪೋರ್ಟ್‌ಗೆ ಯಾರು ಬೇಕಾದರೂ ಕೇಬಲ್ ಹಚ್ಚಬಹುದಾ?

ಬೆಳಗಾವಿಯಲ್ಲಿ ಪತ್ತಿನ ಸಹಕಾರಿ ಸಂಘ, ಸೌಹಾರ್ದ ಸಹಕಾರಿ, ಅರ್ಬನ್ ಬ್ಯಾಂಕ್ ಯಾವುದೂ ಇಲ್ಲದ ಬಡಾವಣೆ ಹುಡುಕುವುದೇ ಕಷ್ಟ. ಅವುಗಳಲ್ಲಿ ಒಂದರ ಒಳಗೆ ಹೋಗಿ, ಗ್ರಾಹಕರಿಗೆ ಹಾಕಿರುವ ಬೆಂಚಿನ ಮೇಲೆ ಕುಳಿತು ಸುತ್ತಲ ಗೋಡೆ ನೋಡಿ. ನೆಲದಿಂದ ಒಂದಡಿ ಮೇಲೆ ಒಂದು ಬಿಳಿ ಪ್ಲಾಸ್ಟಿಕ್ ಪೆಟ್ಟಿಗೆ ಕಾಣಬಹುದು. ಅದರಲ್ಲಿ ನೆಟ್‌ವರ್ಕ್ ಕೇಬಲ್ ಹಚ್ಚುವ ಸಾಕೆಟ್. ಕಟ್ಟಡ ಕಟ್ಟಿಸುವಾಗ ‘ಮುಂದೆ ಬೇಕಾಗಬಹುದು’ ಎಂದು ಹಾಕಿಸಿದ್ದು. ಈಗ ಅಲ್ಲಿ ಕಂಪ್ಯೂಟರ್ ಇಲ್ಲ. ಆದರೆ ಗೋಡೆಯೊಳಗಿನ ಕೇಬಲ್ ಒಳಕೋಣೆಯ ಸ್ವಿಚ್‌ಗೆ, ಅಂದರೆ ಕಚೇರಿಯ ಎಲ್ಲ ನೆಟ್‌ವರ್ಕ್ ಕೇಬಲ್‌ಗಳು ಬಂದು ಸೇರುವ ಪೆಟ್ಟಿಗೆಗೆ, ಇನ್ನೂ ಹಚ್ಚಿಯೇ ಇರುತ್ತದೆ. ಸ್ವಿಚ್‌ನಲ್ಲಿ ಆ ಕೇಬಲ್ ಸೇರುವ ತೂತು, ಅಂದರೆ ಪೋರ್ಟ್, ಚಾಲೂ ಇರುತ್ತದೆ.

ಅಲ್ಲಿ ಯಾರಾದರೂ ಲ್ಯಾಪ್‌ಟಾಪ್ ಹಚ್ಚಿದರೆ ಏನಾಗುತ್ತದೆ? ಕೆಲವೇ ಸೆಕೆಂಡಿನಲ್ಲಿ ವಿಳಾಸ ಹಂಚುವ ಡಿಎಚ್‌ಸಿಪಿ ಸರ್ವರ್ ಅದಕ್ಕೊಂದು ಐಪಿ ವಿಳಾಸ, ಅಂದರೆ ಆ ನೆಟ್‌ವರ್ಕ್‌ನಲ್ಲಿ ಮಾತಾಡಲು ಬೇಕಾದ ನಂಬರ್, ಕೊಡುತ್ತದೆ. ಯಾವ ಪಾಸ್‌ವರ್ಡನ್ನೂ ಕೇಳುವುದಿಲ್ಲ. ಕ್ಯಾಷಿಯರ್ ಕಂಪ್ಯೂಟರ್, ಮ್ಯಾನೇಜರ್ ಕಂಪ್ಯೂಟರ್, ಠೇವಣಿ ಲೆಕ್ಕ ಇರುವ ಸರ್ವರ್ ಎಲ್ಲವೂ ಇರುವ ಅದೇ ನೆಟ್‌ವರ್ಕ್‌ನಲ್ಲಿ ಆ ಲ್ಯಾಪ್‌ಟಾಪ್ ಕೂಡ ಸೇರಿಕೊಂಡಿತು.

ಇಲ್ಲಿ ಫೈರ್‌ವಾಲ್ ಏನೂ ಮಾಡಲಾರದು. ಅದು ಇಂಟರ್‌ನೆಟ್‌ನಿಂದ ಒಳಗೆ ಬರುವುದನ್ನು, ಒಳಗಿನಿಂದ ಹೊರಗೆ ಹೋಗುವುದನ್ನು ನೋಡುತ್ತದೆ. ಒಂದೇ ನೆಟ್‌ವರ್ಕ್‌ನಲ್ಲಿರುವ ಎರಡು ಕಂಪ್ಯೂಟರ್‌ಗಳ ನಡುವಿನ ಮಾತು ಫೈರ್‌ವಾಲ್ ತನಕ ಹೋಗುವುದೇ ಇಲ್ಲ, ಸ್ವಿಚ್‌ನಲ್ಲೇ ಮುಗಿಯುತ್ತದೆ. ಹಾಗಾಗಿ ತಡೆಯಬೇಕಾದದ್ದೂ ಸ್ವಿಚ್‌ನಲ್ಲೇ. ಇದಕ್ಕಿರುವ ಸೌಲಭ್ಯದ ಹೆಸರು ಪೋರ್ಟ್ ಸೆಕ್ಯುರಿಟಿ. ಯಾವ ಪೋರ್ಟ್‌ಗೆ ಯಾವ ಸಾಧನ ಬರಬಹುದು, ಎಷ್ಟು ಬರಬಹುದು, ಬೇರೆಯದು ಬಂದರೆ ಏನು ಮಾಡಬೇಕು ಎಂದು ಸ್ವಿಚ್‌ಗೆ ಮೊದಲೇ ಹೇಳಿಡುವುದು. ಕಚೇರಿಯ ಸ್ವಿಚ್ ಮ್ಯಾನೇಜ್ಡ್ ಆಗಿದ್ದರೆ, ಅಂದರೆ ಅದಕ್ಕೆ ಲಾಗಿನ್ ಆಗಿ ಸೆಟ್ಟಿಂಗ್ ಬದಲಿಸಲು ಬರುವಂತಿದ್ದರೆ, ಬಹುತೇಕ ಈ ಸೌಲಭ್ಯ ಅದರೊಳಗೆ ಇದ್ದೇ ಇರುತ್ತದೆ. ದುಡ್ಡು ಕೊಟ್ಟಾಗಿದೆ, ಚಾಲೂ ಮಾಡಿಲ್ಲ ಅಷ್ಟೇ.

ಸ್ವಿಚ್ ಕಲಿಯುವ ರೀತಿ

ಸ್ವಿಚ್ ಮಾಮೂಲಿ ದಿನ ಏನು ಮಾಡುತ್ತದೆ ಎಂದು ಮೊದಲು ನೋಡೋಣ. ನೆಟ್‌ವರ್ಕ್‌ಗೆ ಹಚ್ಚುವ ಪ್ರತಿ ಸಾಧನಕ್ಕೂ ಒಂದು ಮ್ಯಾಕ್ ವಿಳಾಸ ಇರುತ್ತದೆ. ಅದು 48 ಬಿಟ್ ಉದ್ದ. ಬರೆಯುವಾಗ 12 ಚಿಹ್ನೆಗಳಾಗುತ್ತವೆ: 0ರಿಂದ 9ರ ತನಕ ಅಂಕಿಗಳು, ಎಯಿಂದ ಎಫ್ ತನಕ ಅಕ್ಷರಗಳು. ಮೊದಲ 24 ಬಿಟ್ ತಯಾರಕರ ಗುರುತು, ಅದನ್ನು ಕಂಪನಿಗಳಿಗೆ ಹಂಚುವುದು ಐಇಇಇ ಸಂಸ್ಥೆ. ಉಳಿದ 24 ಬಿಟ್ ಕಂಪನಿಯೇ ಕೊಡುವ ನಂಬರ್. ಹಾಗಾಗಿ ಮ್ಯಾಕ್ ವಿಳಾಸ ಕಂಡರೆ ‘ಇದು ಡೆಲ್‌ನದು, ಇದು ಎಚ್‌ಪಿಯದು’ ಎಂದು ಸಾಮಾನ್ಯವಾಗಿ ಹೇಳಬಹುದು. ಕಚೇರಿಯ ಸಾಧನಗಳ ಪಟ್ಟಿಯಲ್ಲಿಲ್ಲದ ಸಾಧನ ಎಲ್ಲೋ ಕಾಣಿಸಿಕೊಂಡಾಗ ಹುಡುಕಾಟ ಶುರುವಾಗುವುದು ಇಲ್ಲಿಂದಲೇ.

ಕಂಪ್ಯೂಟರ್ ಕಳಿಸುವ ಪ್ರತಿ ಫ್ರೇಮ್‌ನಲ್ಲಿ, ಅಂದರೆ ಮಾಹಿತಿಯ ಪ್ರತಿ ತುಣುಕಿನಲ್ಲಿ, ಕಳಿಸಿದವರ ಮ್ಯಾಕ್ ಇರುತ್ತದೆ, ತಲುಪಬೇಕಾದವರ ಮ್ಯಾಕ್ ಕೂಡ ಇರುತ್ತದೆ. ಫ್ರೇಮ್ ಬಂದ ಕೂಡಲೇ ಸ್ವಿಚ್ ಕಳಿಸಿದವರ ವಿಳಾಸ ಓದಿ, ಈ ಮ್ಯಾಕ್ 7ನೇ ಪೋರ್ಟ್‌ನಲ್ಲಿದೆ ಎಂದು ತನ್ನ ಟೇಬಲ್‌ನಲ್ಲಿ, ಅಂದರೆ ನೆನಪಿನ ಕೋಷ್ಟಕದಲ್ಲಿ, ಬರೆದುಕೊಳ್ಳುತ್ತದೆ. ಮುಂದೆ ಆ ಮ್ಯಾಕ್‌ಗೆ ಏನಾದರೂ ಬಂದರೆ 7ನೇ ಪೋರ್ಟ್‌ಗೆ ಮಾತ್ರ ಕಳಿಸುತ್ತದೆ. ಟೇಬಲ್‌ನಲ್ಲಿಲ್ಲದ ವಿಳಾಸಕ್ಕೆ ಫ್ರೇಮ್ ಬಂದರೆ, ಅದೇ ವಿಲ್ಯಾನ್‌ನಲ್ಲಿರುವ, ಅಂದರೆ ಸ್ವಿಚ್‌ನೊಳಗೆ ಬೇರೆ ಮಾಡಿಟ್ಟ ಅದೇ ಗುಂಪಿನಲ್ಲಿರುವ, ಉಳಿದ ಎಲ್ಲ ಪೋರ್ಟ್‌ಗಳಿಗೂ ಕಳಿಸಿಬಿಡುತ್ತದೆ. ಒಂದು ಸಾಧನ ಸ್ವಲ್ಪ ಹೊತ್ತು ಸುಮ್ಮನಿದ್ದರೆ ಅದರ ಸಾಲು ಅಳಿಸಿ ಹೋಗುತ್ತದೆ. ಸಿಸ್ಕೊ ಕಂಪನಿಯ ಕ್ಯಾಟಲಿಸ್ಟ್ ಸ್ವಿಚ್‌ಗಳಲ್ಲಿ ಈ ಅವಧಿ ಮಾಮೂಲಾಗಿ 300 ಸೆಕೆಂಡ್.

ಈ ವ್ಯವಸ್ಥೆಯಲ್ಲಿ ಎಲ್ಲಿಯೂ ‘ನೀನು ಯಾರು, ಇಲ್ಲಿಗೆ ಯಾಕೆ ಬಂದೆ’ ಎಂಬ ಪ್ರಶ್ನೆ ಇಲ್ಲ. ಬಂದವರನ್ನೆಲ್ಲ ಸ್ವಿಚ್ ನಂಬುತ್ತದೆ. ಇನ್ನೊಂದು ತೊಂದರೆ, ಟೇಬಲ್‌ಗೆ ಒಂದು ಮಿತಿ ಇದೆ. ಸಣ್ಣ ಕಚೇರಿಗಳಲ್ಲಿ ಬಹಳ ಕಾಣುವ ಕ್ಯಾಟಲಿಸ್ಟ್ 2960 ಮಾದರಿಯಲ್ಲಿ ಸುಮಾರು 8,000 ಸಾಲು ಹಿಡಿಯುತ್ತವೆ. ಮ್ಯಾಕಾಫ್ ಎಂಬ ಹಳೆಯ ಪ್ರೋಗ್ರಾಂ ಒಂದಿದೆ. ಅದು ಒಂದೇ ಲ್ಯಾಪ್‌ಟಾಪ್‌ನಿಂದ ಕ್ಷಣಕ್ಕೊಂದು ಸುಳ್ಳು ಮ್ಯಾಕ್ ಹುಟ್ಟಿಸಿ ಸಾವಿರಗಟ್ಟಲೆ ಫ್ರೇಮ್ ಸುರಿಯುತ್ತದೆ. ಟೇಬಲ್ ಬೇಗನೆ ತುಂಬಿಹೋಗುತ್ತದೆ. ಆಮೇಲೆ ಹೊಸ ವಿಳಾಸ ಕಲಿಯಲು ಸ್ವಿಚ್‌ಗೆ ಜಾಗವೇ ಇಲ್ಲ. ಗೊತ್ತಿಲ್ಲದ ವಿಳಾಸದ ಫ್ರೇಮ್‌ಗಳನ್ನು ಎಲ್ಲ ಪೋರ್ಟ್‌ಗೂ ಕಳಿಸಲು ಶುರು ಮಾಡುತ್ತದೆ. ಬೆಂಚಿನ ಹತ್ತಿರ ಲ್ಯಾಪ್‌ಟಾಪ್ ಹಚ್ಚಿ ಕುಳಿತವನಿಗೆ ಬೇರೆಯವರ ಮಾತು ಕೇಳಿಸತೊಡಗುತ್ತದೆ. ಪೋರ್ಟ್ ಸೆಕ್ಯುರಿಟಿ ಈ ದಾಳಿಯನ್ನು ಪೂರ್ತಿ ನಿಲ್ಲಿಸುತ್ತದೆ. ಒಂದು ಪೋರ್ಟ್‌ಗೆ ಒಂದೇ ಮ್ಯಾಕ್ ಎಂದು ಹೇಳಿದ್ದರೆ, ಎರಡನೇ ಸುಳ್ಳು ವಿಳಾಸಕ್ಕೇ ಆಟ ಮುಗಿಯಿತು.

ಎಷ್ಟು, ಯಾರು, ತಪ್ಪಿದರೆ ಏನು

ಸಿಸ್ಕೊ ಸ್ವಿಚ್‌ನ ಉದಾಹರಣೆಯನ್ನೇ ಇಟ್ಟುಕೊಂಡು ಹೇಳುತ್ತೇನೆ. ಬೇರೆ ಕಂಪನಿಗಳ ಮ್ಯಾನೇಜ್ಡ್ ಸ್ವಿಚ್‌ಗಳಲ್ಲಿ ಹೆಸರು, ಮೆನು ಬೇರೆ ಇರಬಹುದು. ಒಳಗಿನ ವಿಚಾರ ಒಂದೇ. ಮೊದಲು ಆ ಪೋರ್ಟನ್ನು ಆಕ್ಸೆಸ್ ಮೋಡ್‌ಗೆ ಹಾಕಬೇಕು, ಅಂದರೆ ಇದು ಕಂಪ್ಯೂಟರ್‌ನಂಥ ಸಾಧನ ಹಚ್ಚುವ ಪೋರ್ಟ್ ಎಂದು ಹೇಳಬೇಕು. ಇದನ್ನು ಸ್ವಿಚ್ ತಾನೇ ತೀರ್ಮಾನಿಸುವ ಡೈನಾಮಿಕ್ ಮೋಡ್‌ನಲ್ಲೇ ಬಿಟ್ಟರೆ ಅದು ಆಜ್ಞೆಯನ್ನೇ ಒಪ್ಪುವುದಿಲ್ಲ. ಆಮೇಲೆ ಪೋರ್ಟ್ ಸೆಕ್ಯುರಿಟಿ ಚಾಲೂ ಮಾಡಬೇಕು. ಬೇರೆ ಏನೂ ಹೇಳದಿದ್ದರೆ ಸ್ವಿಚ್ ಎರಡು ವಿಷಯ ತಾನೇ ಊಹಿಸಿಕೊಳ್ಳುತ್ತದೆ: ಒಂದೇ ಒಂದು ಮ್ಯಾಕ್‌ಗೆ ಅವಕಾಶ, ಎರಡನೆಯದು ಬಂದರೆ ಪೋರ್ಟ್ ಬಂದ್.

ಒಂದೇ ಎಂಬ ಮಿತಿ ಎಲ್ಲ ಕಡೆ ನಡೆಯುವುದಿಲ್ಲ. ಮೇಜಿನ ಮೇಲೆ ಐಪಿ ಫೋನ್ ಇದ್ದು, ಅದರ ಹಿಂದಿನ ತೂತಿನಿಂದ ಕಂಪ್ಯೂಟರ್‌ಗೆ ಕೇಬಲ್ ಹೋಗಿದ್ದರೆ ಅಲ್ಲಿ ಎರಡು ಸಾಧನ ಆದವು. ಫೋನ್ ಒಮ್ಮೊಮ್ಮೆ ಡೇಟಾ ವಿಲ್ಯಾನ್, ವಾಯ್ಸ್ ವಿಲ್ಯಾನ್ ಎರಡರಲ್ಲೂ ಕಾಣಿಸಿಕೊಳ್ಳುವುದರಿಂದ ಮೂರಕ್ಕೆ ಅವಕಾಶ ಕೊಡಬೇಕಾಗುತ್ತದೆ. ಸ್ವಿಚ್‌ನಿಂದ ಸ್ವಿಚ್‌ಗೆ ಹೋಗುವ ಅಪ್‌ಲಿಂಕ್ ಮೇಲೆ ಈ ಮಿತಿ ಹಾಕಲೇಬಾರದು. ಅತ್ತ ಕಡೆಯ ಎಲ್ಲ ಸಾಧನಗಳೂ ಆ ಒಂದು ಪೋರ್ಟ್‌ನಿಂದಲೇ ಬರುತ್ತವೆ. ವೈಫೈ ಆಕ್ಸೆಸ್ ಪಾಯಿಂಟ್ ಇರುವ ಪೋರ್ಟ್‌ನಲ್ಲೂ ಎಚ್ಚರ ಬೇಕು. ವೈಫೈ ಬಳಸುವ ಪ್ರತಿ ಮೊಬೈಲಿನ ಮ್ಯಾಕ್ ಅಲ್ಲಿ ಕಾಣಬಹುದು. ಮೇಲಾಗಿ 2019ರ ಆಂಡ್ರಾಯ್ಡ್ 10, 2020ರ ಐಓಎಸ್ 14ರಿಂದ ಈಚೆಗೆ ಮೊಬೈಲ್‌ಗಳು ವೈಫೈಗೆ ತಮ್ಮ ನಿಜವಾದ ಮ್ಯಾಕ್ ಬದಲು ತಾವೇ ಹುಟ್ಟಿಸಿಕೊಂಡ ಮ್ಯಾಕ್ ಕೊಡುತ್ತವೆ. ಇಂಥ ವಿಳಾಸದಲ್ಲಿ ಎರಡನೇ ಚಿಹ್ನೆ 2, 6, ಎ ಅಥವಾ ಇ ಆಗಿರುತ್ತದೆ. ವೈಫೈ ಕಾಯಲು ಬೇರೆ ದಾರಿಗಳಿವೆ, ಅದನ್ನು ಪೋರ್ಟ್ ಸೆಕ್ಯುರಿಟಿಯ ತಲೆಗೆ ಕಟ್ಟುವುದು ಬೇಡ.

ಯಾವ ಮ್ಯಾಕ್‌ಗೆ ಅವಕಾಶ ಎಂದು ಹೇಳಲು ಎರಡು ದಾರಿ. ಒಂದು, ವಿಳಾಸವನ್ನು ಕೈಯಾರೆ ಟೈಪ್ ಮಾಡುವುದು. ಎಟಿಎಂ, ಸರ್ವರ್, ಯಂತ್ರಗಳಿಗೆ ಇದು ಸರಿ. ಆದರೆ ನಲವತ್ತು ಕಂಪ್ಯೂಟರ್ ಇರುವ ಕಚೇರಿಯಲ್ಲಿ ಒಂದು ಅಕ್ಷರ ತಪ್ಪಾದರೂ ಒಬ್ಬರ ಕೆಲಸ ನಿಂತಿತು. ಇನ್ನೊಂದು ದಾರಿ ಸ್ಟಿಕ್ಕಿ. ಚಾಲೂ ಮಾಡಿದಾಗ ಆ ಪೋರ್ಟ್‌ನಲ್ಲಿ ಯಾವ ಸಾಧನ ಇದೆಯೋ ಅದರ ಮ್ಯಾಕನ್ನು ಸ್ವಿಚ್ ತಾನೇ ಓದಿ, ತನ್ನ ಕಾನ್ಫಿಗರೇಶನ್‌ನಲ್ಲಿ ಬರೆದುಕೊಳ್ಳುತ್ತದೆ. ಕೆಲಸ ಬಹಳ ಸುಲಭ. ಹಾಗಾಗಿ ಎಲ್ಲರೂ ಇದನ್ನೇ ಬಳಸುತ್ತಾರೆ.

ಸ್ಟಿಕ್ಕಿಯಲ್ಲಿ ಒಂದು ಸೂಕ್ಷ್ಮ ಇದೆ, ಇದನ್ನು ದಯವಿಟ್ಟು ಗಮನವಿಟ್ಟು ಓದಿ. ಕಲಿತ ವಿಳಾಸ ಮೊದಲು ರನ್ನಿಂಗ್ ಕಾನ್ಫಿಗರೇಶನ್‌ಗೆ, ಅಂದರೆ ಸ್ವಿಚ್ ಆರಿದರೆ ಅಳಿಸಿಹೋಗುವ ಸೆಟ್ಟಿಂಗ್‌ಗೆ, ಮಾತ್ರ ಹೋಗುತ್ತದೆ. ಅದನ್ನು ಸ್ವಿಚ್ ಶುರುವಾಗುವಾಗ ಓದುವ ಸ್ಟಾರ್ಟಪ್ ಕಾನ್ಫಿಗರೇಶನ್‌ಗೆ ಸೇವ್ ಮಾಡುವುದು ನಮ್ಮ ಕೆಲಸ. ಮಾಡದಿದ್ದರೆ? ಬೇಸಿಗೆಯ ಮಧ್ಯಾಹ್ನ ಕರೆಂಟ್ ಹೋಯಿತು, ಯುಪಿಎಸ್ ಬ್ಯಾಟರಿಯೂ ಮುಗಿಯಿತು, ಸ್ವಿಚ್ ಆರಿ ಮತ್ತೆ ಶುರುವಾಯಿತು ಎಂದುಕೊಳ್ಳಿ. ‘ಸ್ಟಿಕ್ಕಿ ಮಾಡು’ ಎಂಬ ಆಜ್ಞೆ ಹಿಂದೆಯೇ ಸೇವ್ ಆಗಿರುತ್ತದೆ, ಕಲಿತ ವಿಳಾಸಗಳು ಮಾತ್ರ ಅಳಿಸಿರುತ್ತವೆ. ಆಗ ಸ್ವಿಚ್ ಹೊಸದಾಗಿ ಕಲಿಯುತ್ತದೆ. ಯಾರು ಮೊದಲು ಮಾತಾಡಿದರೋ ಅವರೇ ಅದಕ್ಕೆ ಆ ಪೋರ್ಟ್‌ನ ಯಜಮಾನರು. ಎಲ್ಲ ಸರಿ ಇರುವ ಹಾಗೆ ಕಾಣುತ್ತದೆ, ಯಾವ ದೂರೂ ಬರುವುದಿಲ್ಲ. ಹಾಗಾಗಿಯೇ ಇದು ಅಪಾಯ.

ಮೂರನೆಯ ಪ್ರಶ್ನೆ, ತಪ್ಪಿದರೆ ಏನು. ಇಲ್ಲಿ ಸಿಸ್ಕೊ ಮೂರು ಆಯ್ಕೆ ಕೊಡುತ್ತದೆ. ಪ್ರೊಟೆಕ್ಟ್ ಎಂದರೆ ಗುರುತಿಲ್ಲದ ಸಾಧನದ ಫ್ರೇಮ್‌ಗಳನ್ನು ಸದ್ದಿಲ್ಲದೆ ಬಿಸಾಡುವುದು. ಲಾಗ್, ಅಂದರೆ ಏನಾಯಿತು ಎಂಬ ದಾಖಲೆ, ಇಲ್ಲ, ಲೆಕ್ಕ ಇಲ್ಲ. ನನಗೆ ಇದು ಇಷ್ಟವಿಲ್ಲ. ಒಬ್ಬ ಬಂದು ಪ್ರಯತ್ನಪಟ್ಟು ಹೋದ ಎಂಬ ಸುದ್ದಿಯೇ ಸಿಗದಿದ್ದರೆ ನಾಳೆ ಅವನು ಬೇರೆ ಪೋರ್ಟ್ ಹುಡುಕುತ್ತಾನೆ. ರಿಸ್ಟ್ರಿಕ್ಟ್ ಎಂದರೆ ಬಿಸಾಡುವುದರ ಜೊತೆಗೆ ಲಾಗ್ ಬರೆಯುವುದು, ಎಷ್ಟು ಸಲ ಹೀಗಾಯಿತು ಎಂದು ಎಣಿಸುವುದು. ಅವಕಾಶ ಇರುವ ಸಾಧನದ ಕೆಲಸ ನಡೆದೇ ಇರುತ್ತದೆ. ಶಟ್‌ಡೌನ್ ಎಂದರೆ ಇಡೀ ಪೋರ್ಟೇ ಬಂದ್. ಸ್ವಿಚ್ ಅದನ್ನು ಎರರ್-ಡಿಸೇಬಲ್ಡ್ ಎಂದು ತೋರಿಸುತ್ತದೆ. ಕೇಬಲ್ ತೆಗೆದು ಮತ್ತೆ ಹಚ್ಚಿದರೂ ಅದು ಏಳುವುದಿಲ್ಲ. ನೆಟ್‌ವರ್ಕ್ ನೋಡಿಕೊಳ್ಳುವವರು ಲಾಗಿನ್ ಆಗಿ ಒಮ್ಮೆ ಶಟ್‌ಡೌನ್, ಮತ್ತೊಮ್ಮೆ ನೋ ಶಟ್‌ಡೌನ್ ಕೊಡಬೇಕು. ಇಷ್ಟು ಹೊತ್ತಿನ ಮೇಲೆ ತಾನೇ ಎದ್ದೇಳು ಎಂದು ಹೇಳಿಡಲೂ ಬರುತ್ತದೆ, ಮಾಮೂಲು ಅವಧಿ 300 ಸೆಕೆಂಡ್. ಆದರೆ ಆ ಸೌಲಭ್ಯವನ್ನು ನಾವೇ ಚಾಲೂ ಮಾಡಬೇಕು.

ಯಾವುದು ಒಳ್ಳೆಯದು? ಹೊಸದಾಗಿ ಹಾಕುವಾಗ ಕೆಲವು ವಾರ ರಿಸ್ಟ್ರಿಕ್ಟ್‌ನಲ್ಲಿಟ್ಟು ಲಾಗ್ ನೋಡಿ. ಯಾವ ಮೇಜಿನ ಕೆಳಗೆ ಯಾರು ಸಣ್ಣ ಸ್ವಿಚ್ ಅಡಗಿಸಿಟ್ಟಿದ್ದಾರೆ, ಯಾವ ಪ್ರಿಂಟರ್ ಎರಡು ಕಡೆ ಓಡಾಡುತ್ತದೆ ಎಂಬುದೆಲ್ಲ ಆಗ ಹೊರಬೀಳುತ್ತದೆ. ಅವನ್ನು ಸರಿಪಡಿಸಿದ ಮೇಲೆ ಗ್ರಾಹಕರು ಓಡಾಡುವ ಜಾಗದ ಪೋರ್ಟ್‌ಗಳನ್ನು ಶಟ್‌ಡೌನ್‌ಗೆ ಬದಲಿಸಿ.

ಮೇಜು ಸರಿಸಿದಾಗ ಬರುವ ಫೋನ್

ಪೋರ್ಟ್ ಸೆಕ್ಯುರಿಟಿ ಹಾಕಿದ ಕಚೇರಿಯಿಂದ ಬರುವ ಫೋನ್‌ಗಳಲ್ಲಿ ಜಾಸ್ತಿ ಕಳ್ಳರದಲ್ಲ, ಮೇಜು ಸರಿಸಿದವರದು. “ಸರ, ನನ್ನ ಕಂಪ್ಯೂಟರಿಗೆ ನೆಟ್ ಬರವಲ್ತ್ರಿ. ನಾ ಏನೂ ಮಾಡಿಲ್ರಿ.” “ಅಕ್ಕಾರ, ಟೇಬಲ್ ಏನಾರ ಸರಿಸೀರಿ ಏನ್ರಿ?” “ಹೌದ್ರಿ, ಕಿಡಕಿ ಕಡೆ ಕುಂತೀನಿ.” ಕಿಟಕಿ ಕಡೆ ಹೋದ ಕಂಪ್ಯೂಟರ್ ಬೇರೆ ಪೋರ್ಟ್‌ಗೆ ಹೋಗಿರುತ್ತದೆ. ಒಂದು ಪೋರ್ಟ್‌ಗೆ ಗುರುತಾದ ಮ್ಯಾಕ್ ಅದೇ ವಿಲ್ಯಾನ್‌ನ ಇನ್ನೊಂದು ಸುರಕ್ಷಿತ ಪೋರ್ಟ್‌ನಲ್ಲಿ ಕಂಡರೆ ಸ್ವಿಚ್ ಅದನ್ನೂ ತಪ್ಪೆಂದೇ ಎಣಿಸುತ್ತದೆ. ಅದು ಸರಿಯಾಗಿಯೇ ಕೆಲಸ ಮಾಡುತ್ತಿದೆ. ಅಲ್ಲಿ ಕುಳಿತವರಿಗೆ ಯಾರೂ ಮುಂಚೆ ಹೇಳಿರಲಿಲ್ಲ ಅಷ್ಟೇ. ಹೀಗೆ ವಾರಕ್ಕೆರಡು ಸಲ ಆದರೆ ಯಾರೋ ಬೇಸತ್ತು ‘ಅದನ್ನು ತೆಗೆದುಬಿಡಿ’ ಎನ್ನುತ್ತಾರೆ, ಅಲ್ಲಿಗೆ ಎಲ್ಲ ಶ್ರಮ ನೀರುಪಾಲು. ಸೆಟ್ಟಿಂಗ್ ಹಾಕುವ ಮುಂಚೆ ಸಿಬ್ಬಂದಿಯನ್ನು ಕೂರಿಸಿಕೊಂಡು ಹತ್ತು ನಿಮಿಷ ಮಾತಾಡುವುದು ಬಹಳ ಮುಖ್ಯ.

ಇಲ್ಲಿಂದಲೇ ನಾನು ಹೇಳಬೇಕೆಂದಿರುವ ಮುಖ್ಯ ಮಾತಿಗೆ ಬರುತ್ತೇನೆ. ಪೋರ್ಟ್ ಸೆಕ್ಯುರಿಟಿಯ ಆಜ್ಞೆ ಟೈಪ್ ಮಾಡಲು ಐದು ನಿಮಿಷ ಸಾಕು. ಕಷ್ಟದ ಕೆಲಸ ಪಟ್ಟಿ. ಯಾವ ಸ್ವಿಚ್‌ನ ಯಾವ ಪೋರ್ಟ್ ಯಾವ ಗೋಡೆಗೆ ಹೋಗಿದೆ, ಅಲ್ಲಿ ಯಾವ ಸಾಧನ ಇದೆ, ಅದರ ಮ್ಯಾಕ್ ಏನು, ಯಾರ ಜವಾಬ್ದಾರಿ. ಈ ಪಟ್ಟಿ ಇಲ್ಲದೆ ಸ್ಟಿಕ್ಕಿ ಹಾಕಿದರೆ ಆ ಹೊತ್ತಿಗೆ ಅಲ್ಲಿ ಇದ್ದವರೆಲ್ಲ ಒಳ್ಳೆಯವರು ಎಂದು ಸರ್ಟಿಫಿಕೇಟ್ ಕೊಟ್ಟಂತಾಯಿತು. ಅವರ ಜೊತೆ ಬೇಡದ್ದೊಂದು ಮೊದಲೇ ಸೇರಿಕೊಂಡಿದ್ದರೆ ಅದಕ್ಕೂ ಸರ್ಟಿಫಿಕೇಟ್ ಸಿಕ್ಕಿತು.

ಇದು ಬರೀ ಊಹೆಯಲ್ಲ. ಅಮೆರಿಕದ ನಾಸಾಗೆ ಸೇರಿದ ಜೆಟ್ ಪ್ರೊಪಲ್ಶನ್ ಲ್ಯಾಬೊರೇಟರಿಯಲ್ಲಿ 2018ರ ಏಪ್ರಿಲ್‌ನಲ್ಲಿ ಒಂದು ಕಳ್ಳತನ ಪತ್ತೆಯಾಯಿತು. ಅನುಮತಿಯಿಲ್ಲದೆ ನೆಟ್‌ವರ್ಕ್‌ಗೆ ಹಚ್ಚಿದ್ದ ಒಂದು ರಾಸ್ಪ್‌ಬೆರಿ ಪೈ, ಅಂದರೆ ಅಂಗೈಯಲ್ಲಿ ಹಿಡಿಸುವ ಸಣ್ಣ ಕಂಪ್ಯೂಟರ್, ಅದರ ಮೂಲಕ ದಾಳಿಕೋರರು ಒಳಗೆ ಬಂದಿದ್ದರು. ಸುಮಾರು 500 ಎಂಬಿ ಮಾಹಿತಿ ಹೋಯಿತು. 2019ರ ಜೂನ್‌ನಲ್ಲಿ ನಾಸಾದ ಇನ್‌ಸ್ಪೆಕ್ಟರ್ ಜನರಲ್ ಕೊಟ್ಟ ವರದಿ ಬೆರಳು ತೋರಿಸಿದ್ದು ಪಟ್ಟಿಯ ಕಡೆಗೇ. ನೆಟ್‌ವರ್ಕ್‌ನಲ್ಲಿ ಏನೇನಿದೆ ಎಂಬ ದಾಖಲೆ ಪೂರ್ತಿಯಾಗಿರಲಿಲ್ಲ, ಸರಿಯಾಗಿ ಅಪ್‌ಡೇಟ್ ಆಗಿರಲಿಲ್ಲ. ಬಾಹ್ಯಾಕಾಶಕ್ಕೆ ನೌಕೆ ಕಳಿಸುವವರ ಕಥೆಯೇ ಹೀಗಾದರೆ ನಮ್ಮ ಕಚೇರಿಗಳಲ್ಲಿ ಎಷ್ಟು ಎಚ್ಚರ ಬೇಕು ಹೇಳಿ.

ನಮ್ಮ ರಿಸರ್ವ್ ಬ್ಯಾಂಕ್ ಕೂಡ 2016ರ ಜೂನ್‌ನಲ್ಲಿ ಬ್ಯಾಂಕುಗಳಿಗೆ ಕೊಟ್ಟ ಸೈಬರ್ ಸುರಕ್ಷತೆಯ ಸುತ್ತೋಲೆಯಲ್ಲಿ ಇದನ್ನೇ ಕೇಳಿದೆ: ಅನುಮತಿಯಿಲ್ಲದ ಸಾಧನ ನೆಟ್‌ವರ್ಕ್‌ಗೆ ಬಂದರೆ ತಾನಾಗಿ ಗುರುತಿಸಿ ತಡೆಯುವ ವ್ಯವಸ್ಥೆ ಇರಬೇಕು. 2018ರಲ್ಲಿ ಅರ್ಬನ್ ಸಹಕಾರಿ ಬ್ಯಾಂಕುಗಳಿಗೆ ಬಂದ ಮೂಲ ನಿಯಮಗಳಲ್ಲಿ ಐಟಿ ಸಾಧನಗಳ ರಿಜಿಸ್ಟರ್ ಇಡುವುದೂ ಸೇರಿದೆ. ಪತ್ತಿನ ಸಂಘಗಳು ರಿಸರ್ವ್ ಬ್ಯಾಂಕಿನ ಕೆಳಗೆ ಬರುವುದಿಲ್ಲ ನಿಜ. ಆದರೆ ಅಲ್ಲಿರುವುದೂ ಜನರ ಠೇವಣಿಯೇ ಅಲ್ವಾ? ಅವರೂ ಈ ನಿಯಮವನ್ನು ತಾವಾಗಿಯೇ ಪಾಲಿಸಲಿ ಎಂಬುದು ನನ್ನ ಆಸೆ.

ಮ್ಯಾಕ್ ಬರೀ ಹೇಳಿಕೆ

ಈಗ ಪೋರ್ಟ್ ಸೆಕ್ಯುರಿಟಿಗೆ ಏನು ಆಗುವುದಿಲ್ಲ ಎಂದು ನೇರವಾಗಿ ಹೇಳಬೇಕು. ಮ್ಯಾಕ್ ವಿಳಾಸ ಸಾಧನ ತಾನೇ ಹೇಳಿಕೊಳ್ಳುವ ಹೆಸರು. ಅದರ ಹಿಂದೆ ಯಾವ ಪುರಾವೆಯೂ ಇಲ್ಲ. ಲಿನಕ್ಸ್‌ನಲ್ಲಿ ಒಂದು ಸಾಲಿನ ಆಜ್ಞೆಯಿಂದ ಅದನ್ನು ಬದಲಿಸಬಹುದು. ವಿಂಡೋಸ್‌ನಲ್ಲೂ ಬಹಳಷ್ಟು ನೆಟ್‌ವರ್ಕ್ ಕಾರ್ಡ್‌ಗಳ ಸೆಟ್ಟಿಂಗ್‌ನಲ್ಲಿ ಅದಕ್ಕೊಂದು ಜಾಗ ಇರುತ್ತದೆ. ಅಸಲಿ ಮ್ಯಾಕ್ ಪತ್ತೆ ಮಾಡುವುದೂ ಕಷ್ಟವಿಲ್ಲ. ಐಪಿ ಫೋನಿನ ಹಿಂದೆ ಸ್ಟಿಕರ್ ಮೇಲೆ ಬರೆದಿರುತ್ತದೆ. ಪ್ರಿಂಟರ್‌ನ ಬಟನ್ ಒತ್ತಿದರೆ ಅದೇ ತನ್ನ ವಿಳಾಸವನ್ನು ಕಾಗದದ ಮೇಲೆ ಅಚ್ಚು ಹಾಕಿ ಕೊಡುತ್ತದೆ. ಮದುವೆ ಮನೆಯಲ್ಲಿ ‘ನಾನು ಗಂಡಿನ ಕಡೆಯವನು’ ಎಂದವನನ್ನು ಹಾಗೇ ನಂಬಿ ಪಂಕ್ತಿಯಲ್ಲಿ ಕೂರಿಸಿದಂತೆ, ಸ್ವಿಚ್ ಆ ಹೆಸರನ್ನು ನಂಬುತ್ತದೆ.

ಹಾಗಾದರೆ ಯಾಕೆ ಬೇಕು? ಎಲ್ಲರೂ ಪಳಗಿದ ದಾಳಿಕೋರರಲ್ಲ ಎಂಬುದೇ ಉತ್ತರ. ನೆಟ್‌ವರ್ಕ್‌ಗೆ ಆಗುವ ತೊಂದರೆಗಳಲ್ಲಿ ಬಹಳಷ್ಟು ಕೆಟ್ಟ ಉದ್ದೇಶವಿಲ್ಲದವರಿಂದಲೇ ಬರುತ್ತವೆ. ಮನೆಯ ವೈರಸ್ ತುಂಬಿದ ಲ್ಯಾಪ್‌ಟಾಪ್ ತಂದು ಹಚ್ಚಿದವರು. ‘ವೈಫೈ ಸಿಗಲ್ಲ’ ಎಂದು ಮನೆಯ ರೌಟರ್ ತಂದವರು. ಈ ರೌಟರ್ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು. ಯಾಕೆಂದರೆ ಇದು ಎಲ್ಲ ಊರಲ್ಲೂ ಆಗುತ್ತದೆ.

ಮನೆಯ ರೌಟರ್‌ನ ಲ್ಯಾನ್ ತೂತಿಗೆ, ಅಂದರೆ ಮನೆಯ ಕಂಪ್ಯೂಟರ್ ಹಚ್ಚುವ ತೂತಿಗೆ, ಕಚೇರಿಯ ಕೇಬಲ್ ಹಚ್ಚಿದರೆ, ಅದರೊಳಗಿನ ಡಿಎಚ್‌ಸಿಪಿ ಇಡೀ ಕಚೇರಿಗೆ ಐಪಿ ವಿಳಾಸ ಹಂಚಲು ಶುರು ಮಾಡುತ್ತದೆ. ಕಂಪ್ಯೂಟರ್‌ಗಳು ಮೊದಲು ಉತ್ತರ ಕೊಟ್ಟವರನ್ನು ನಂಬುತ್ತವೆ. ಸ್ವಲ್ಪ ಹೊತ್ತಿಗೆ ಅರ್ಧ ಕಚೇರಿಗೆ ಸರ್ವರ್ ಸಿಗುವುದಿಲ್ಲ. ಒಂದೇ ಮ್ಯಾಕ್ ಎಂಬ ಮಿತಿ ಇಲ್ಲಿ ಕೈ ಹಿಡಿಯುತ್ತದೆ. ರೌಟರ್‌ನದು ಒಂದು, ಅದರ ಹಿಂದಿನ ಮೊಬೈಲಿನದು ಇನ್ನೊಂದು, ಅಲ್ಲಿಗೆ ಪೋರ್ಟ್ ಬಂದ್. ಆದರೆ ಇಂಟರ್‌ನೆಟ್ ಕೇಬಲ್ ಹಚ್ಚುವ ವ್ಯಾನ್ ತೂತಿಗೆ ಹಚ್ಚಿದರೆ ಬೇರೆ ಕಥೆ. ಆಗ ಹಿಂದೆ ಎಷ್ಟೇ ಮೊಬೈಲ್ ಇರಲಿ, ಸ್ವಿಚ್‌ಗೆ ಕಾಣುವುದು ರೌಟರ್‌ನ ಒಂದೇ ಮ್ಯಾಕ್. ಬರೀ ಎಣಿಕೆಯ ಮಿತಿ ಇದನ್ನು ಹಿಡಿಯುವುದಿಲ್ಲ. ಯಾವ ಮ್ಯಾಕ್ ಎಂದೂ ಹೇಳಿರಬೇಕು, ಅಂದರೆ ಸ್ಟಿಕ್ಕಿ ಬೇಕು. ರೌಟರ್‌ನ ಮ್ಯಾಕ್ ಕ್ಲೋನ್ ಸೌಲಭ್ಯ ಬಳಸಿ ಕಂಪ್ಯೂಟರ್‌ನ ವಿಳಾಸವನ್ನೇ ಅದಕ್ಕೂ ಹಾಕಿದರೆ ಸ್ಟಿಕ್ಕಿಯೂ ಸೋಲುತ್ತದೆ.

ಹಾಗಾಗಿ ಪೋರ್ಟ್ ಸೆಕ್ಯುರಿಟಿಯ ಜೊತೆಗೆ ಇನ್ನು ಕೆಲವು ಸೌಲಭ್ಯಗಳನ್ನು ಚಾಲೂ ಇಡಬೇಕು. ಡಿಎಚ್‌ಸಿಪಿ ಸ್ನೂಪಿಂಗ್ ಹಾಕಿದರೆ, ನಾವು ನಂಬಿಕೆಯದು ಎಂದು ಹೇಳಿದ ಪೋರ್ಟ್‌ನಿಂದ ಬಂದ ಡಿಎಚ್‌ಸಿಪಿ ಉತ್ತರವನ್ನು ಮಾತ್ರ ಸ್ವಿಚ್ ಬಿಡುತ್ತದೆ. ಯಾರಿಗೆ ಯಾವ ಐಪಿ ಸಿಕ್ಕಿತು ಎಂದು ಅದು ಬರೆದಿಟ್ಟುಕೊಳ್ಳುವುದರಿಂದ, ಅದರ ಆಧಾರದ ಮೇಲೆ ಡೈನಾಮಿಕ್ ಎಆರ್‌ಪಿ ಇನ್‌ಸ್ಪೆಕ್ಷನ್ ಎಂಬ ಇನ್ನೊಂದು ತಪಾಸಣೆ ನಡೆಯುತ್ತದೆ (ಎಆರ್‌ಪಿ ಎಂದರೆ ಈ ಐಪಿ ಯಾವ ಮ್ಯಾಕ್‌ನದು ಎಂದು ಸಾಧನಗಳು ಕೇಳಿ ತಿಳಿಯುವ ರೀತಿ). ‘ಸರ್ವರ್‌ನ ಐಪಿ ನನ್ನದೇ’ ಎಂದು ಸುಳ್ಳು ಹೇಳುವ ಸಾಧನ ಅಲ್ಲಿ ಸಿಕ್ಕಿಬೀಳುತ್ತದೆ. ಬಿಪಿಡಿಯು ಗಾರ್ಡ್ ಎಂಬ ಸೌಲಭ್ಯ, ಮೇಜಿನ ಪೋರ್ಟ್‌ಗೆ ಇನ್ನೊಂದು ಮ್ಯಾನೇಜ್ಡ್ ಸ್ವಿಚ್ ತಂದು ಹಚ್ಚಿದರೆ ಪೋರ್ಟನ್ನು ಬಂದ್ ಮಾಡುತ್ತದೆ.

ಪುರಾವೆ ಕೇಳುವ ದಾರಿ

ಹೆಸರಿನ ಬದಲು ಪುರಾವೆಯನ್ನೇ ಕೇಳಬೇಕಾದರೆ 802.1ಎಕ್ಸ್ ಎಂಬ ಮಾನದಂಡ ಇದೆ. ಐಇಇಇ ಇದನ್ನು ಮೊದಲು ತಂದದ್ದು 2001ರಲ್ಲಿ. ಆಮೇಲೆ 2004, 2010, 2020ರಲ್ಲಿ ಪರಿಷ್ಕರಣೆ ಆಯಿತು. ಇದರಲ್ಲಿ ಮೂವರು ಇರುತ್ತಾರೆ: ಒಳಗೆ ಬರಬೇಕಾದ ಕಂಪ್ಯೂಟರ್, ನಡುವೆ ನಿಂತ ಸ್ವಿಚ್, ತೀರ್ಮಾನ ಹೇಳುವ ರೇಡಿಯಸ್ ಸರ್ವರ್. ಕೇಬಲ್ ಹಚ್ಚಿದಾಗ ಪೋರ್ಟ್ ಪೂರ್ತಿ ತೆರೆದಿರುವುದಿಲ್ಲ. ಗುರುತು ಹೇಳುವ ಮಾತಿಗೆ ಮಾತ್ರ ಅವಕಾಶ. ಕಂಪ್ಯೂಟರ್ ಕೊಟ್ಟ ಉತ್ತರವನ್ನು ಸ್ವಿಚ್ ರೇಡಿಯಸ್ ಸರ್ವರ್‌ಗೆ ತಲುಪಿಸುತ್ತದೆ. ಅಲ್ಲಿಂದ ಒಪ್ಪಿಗೆ ಬಂದರೆ ಪೋರ್ಟ್ ತೆರೆಯುತ್ತದೆ. ಅಷ್ಟೇ ಅಲ್ಲ, ಇವರನ್ನು ಲೆಕ್ಕಪತ್ರದ ವಿಲ್ಯಾನ್‌ಗೆ ಹಾಕು, ಅವರನ್ನು ಅತಿಥಿ ವಿಲ್ಯಾನ್‌ಗೆ ಹಾಕು ಎಂದು ಸರ್ವರ್ ಹೇಳಬಹುದು. ಮೇಜು ಕಿಟಕಿ ಕಡೆ ಹೋದರೂ ತೊಂದರೆಯಿಲ್ಲ, ಯಾಕೆಂದರೆ ಗುರುತು ಪೋರ್ಟ್‌ಗೆ ಅಂಟಿಕೊಂಡಿಲ್ಲ.

ಗುರುತು ಹೇಳಲು ಎರಡು ರೀತಿ ಹೆಚ್ಚು ಬಳಕೆಯಲ್ಲಿವೆ. ಇಎಪಿ-ಟಿಎಲ್‌ಎಸ್‌ನಲ್ಲಿ ಪ್ರತಿ ಕಂಪ್ಯೂಟರ್‌ನಲ್ಲೂ ಒಂದು ಡಿಜಿಟಲ್ ಸರ್ಟಿಫಿಕೇಟ್ ಇರುತ್ತದೆ. ಅದನ್ನು ನೋಡಿಕೊಂಡು ಟೈಪ್ ಮಾಡಲು ಆಗುವುದಿಲ್ಲ, ಸ್ಟಿಕರ್ ಮೇಲೆ ಬರೆದಿರುವುದೂ ಇಲ್ಲ. ಪೀಪ್‌ನಲ್ಲಿ ಯೂಸರ್‌ನೇಮ್, ಪಾಸ್‌ವರ್ಡ್ ಸಾಕು. ಆದರೆ ಸರ್ವರ್ ಅಸಲಿಯೋ ನಕಲಿಯೋ ಎಂದು ಕಂಪ್ಯೂಟರ್ ಪರೀಕ್ಷಿಸುವಂತೆ ಸೆಟ್ ಮಾಡಿರಬೇಕು. ಫ್ರೀರೇಡಿಯಸ್ ಎಂಬ ಸರ್ವರ್ ಸಾಫ್ಟ್‌ವೇರ್ ಉಚಿತ. ಹಾಗೆಂದು ಕೆಲಸ ಸಣ್ಣದಲ್ಲ. ಸರ್ಟಿಫಿಕೇಟ್‌ಗಳ ಅವಧಿ ನೋಡಿಕೊಳ್ಳಬೇಕು, ರೇಡಿಯಸ್ ಸರ್ವರ್ ಬಿದ್ದರೆ ಕಚೇರಿ ಏನು ಮಾಡಬೇಕು ಎಂದು ಮೊದಲೇ ತೀರ್ಮಾನಿಸಬೇಕು. ವಿಂಡೋಸ್‌ನಲ್ಲಿ ಇದಕ್ಕೆ ಬೇಕಾದ ವೈರ್ಡ್ ಆಟೋಕಾನ್ಫಿಗ್ ಎಂಬ ಸರ್ವಿಸ್ ಮಾಮೂಲಾಗಿ ತಾನಾಗಿ ಶುರುವಾಗುವುದಿಲ್ಲ, ಪ್ರತಿ ಕಂಪ್ಯೂಟರ್‌ನಲ್ಲೂ ಚಾಲೂ ಮಾಡಬೇಕು. ಹತ್ತು ಕಂಪ್ಯೂಟರ್‌ನ ಪತ್ತಿನ ಸಂಘಕ್ಕೆ ಇಷ್ಟೆಲ್ಲ ಮಾಡು ಎಂದು ನಾನು ಹೇಳುವುದಿಲ್ಲ. ಹಲವು ಶಾಖೆಗಳ ಬ್ಯಾಂಕ್, ಆಸ್ಪತ್ರೆ, ಕಾಲೇಜು ಮಾಡಲೇಬೇಕು.

ಇದರಲ್ಲೂ ಸಂದಿ ಇದೆ. ಹಳೆಯ ಪ್ರಿಂಟರ್, ಬಯೋಮೆಟ್ರಿಕ್ ಹಾಜರಾತಿ ಯಂತ್ರಗಳಿಗೆ 802.1ಎಕ್ಸ್ ಗೊತ್ತಿರುವುದಿಲ್ಲ. ಅವುಗಳಿಗೆ ಮ್ಯಾಕ್ ಅಥೆಂಟಿಕೇಶನ್ ಬೈಪಾಸ್ ಎಂಬ ವಿನಾಯಿತಿ ಕೊಡುತ್ತಾರೆ. ಅಂದರೆ ಮತ್ತೆ ಅದೇ ಮ್ಯಾಕ್ ನಂಬಿಕೆ. ಹಾಗಾಗಿ ಅವನ್ನು ಬೇರೆ ವಿಲ್ಯಾನ್‌ಗೆ ಹಾಕಿ, ಪ್ರಿಂಟ್ ಸರ್ವರ್ ಬಿಟ್ಟು ಬೇರೆ ಕಡೆ ಹೋಗದಂತೆ ಕಟ್ಟಬೇಕು. ಒಪ್ಪಿಗೆ ಪಡೆದ ಕಂಪ್ಯೂಟರ್ ಮತ್ತು ಗೋಡೆಯ ನಡುವೆ ಸಣ್ಣ ಸಾಧನ ಕೂರಿಸಿ ನುಸುಳುವವರೂ ಇದ್ದಾರೆ. ಅದಕ್ಕೆ ಪ್ರತಿ ಫ್ರೇಮನ್ನೂ ಎನ್‌ಕ್ರಿಪ್ಟ್ ಮಾಡುವ ಮ್ಯಾಕ್‌ಸೆಕ್ ಇದೆ.

ಯಂತ್ರ, ಕ್ಯಾಮೆರಾ, ಖಾಲಿ ಪೋರ್ಟ್

ಸರಳ ಪೋರ್ಟ್ ಸೆಕ್ಯುರಿಟಿ ಎಲ್ಲಕ್ಕಿಂತ ಚೆನ್ನಾಗಿ ಹೊಂದುವುದು ಕಾರ್ಖಾನೆಗೆ ಎಂಬುದು ನನ್ನ ಅಭಿಪ್ರಾಯ. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದ ಯಾವುದಾದರೂ ಮಶೀನ್ ಶಾಪ್ ತೆಗೆದುಕೊಳ್ಳಿ. ಸಿಎನ್‌ಸಿ ಯಂತ್ರ ಒಮ್ಮೆ ಕೂತರೆ ವರ್ಷಗಟ್ಟಲೆ ಅಲುಗಾಡುವುದಿಲ್ಲ. ಒಂದು ಪೋರ್ಟ್, ಒಂದು ಮ್ಯಾಕ್, ಕೈಯಾರೆ ಟೈಪ್ ಮಾಡಿ ಸೇವ್ ಮಾಡಿದರೆ ಮುಗಿಯಿತು. ಇಂಥ ಯಂತ್ರಗಳ ಕಂಟ್ರೋಲರ್‌ನಲ್ಲಿ ಹಳೆಯ ವಿಂಡೋಸ್ ಇರುವುದು ಉಂಟು. ಅದಕ್ಕೆ ಆಂಟಿವೈರಸ್ ಹಾಕಲು ಬರುವುದಿಲ್ಲ, 802.1ಎಕ್ಸ್ ಕೂಡ ಕಷ್ಟ. ಅಪಾಯ ಬರುವುದು ರಿಪೇರಿಗೆ ಬರುವ ಲ್ಯಾಪ್‌ಟಾಪ್‌ನಿಂದ. ಪುಣೆ, ಕೊಲ್ಹಾಪುರದಿಂದ ಬಂದ ಸರ್ವಿಸ್ ಇಂಜಿನಿಯರ್ ಯಂತ್ರದ ಕೇಬಲ್ ಕಿತ್ತು ತಮ್ಮ ಲ್ಯಾಪ್‌ಟಾಪ್‌ಗೆ ಹಚ್ಚುತ್ತಾರೆ. ಅವರ ಕೆಲಸವೇ ಅದು, ತಪ್ಪು ಅವರದಲ್ಲ. ಅವರಿಗೆಂದೇ ಒಂದು ಪೋರ್ಟ್ ಇಡಿ. ಆ ವಿಲ್ಯಾನ್‌ನಿಂದ ಅವರು ನೋಡಬೇಕಾದ ಯಂತ್ರ ಮಾತ್ರ ಸಿಗಲಿ. ಅವರು ಬಂದಾಗ ಚಾಲೂ ಮಾಡಿ, ಹೋದಾಗ ಬಂದ್ ಮಾಡಿ.

ಕಟ್ಟಡದ ಹೊರಗೋಡೆಯ ಸಿಸಿಟಿವಿ ಕ್ಯಾಮೆರಾವನ್ನು ಎಲ್ಲರೂ ಮರೆಯುತ್ತಾರೆ. ಐಪಿ ಕ್ಯಾಮೆರಾ ಎಂದರೆ ಒಂದು ನೆಟ್‌ವರ್ಕ್ ಕೇಬಲ್ ರಸ್ತೆಯ ಕಡೆಗೆ ಹೊರಬಂದಿದೆ ಎಂದೇ ಅರ್ಥ. ಏಣಿ ಹಾಕಿ ಕ್ಯಾಮೆರಾ ಬಿಚ್ಚಿದರೆ ಆ ಕೇಬಲ್ ಕಚೇರಿಯೊಳಗೆ ಕರೆದೊಯ್ಯುತ್ತದೆ. ಬೆಳಗಾವಿ 2016ರ ಜನವರಿಯ ಮೊದಲ ಪಟ್ಟಿಯಲ್ಲೇ ಸ್ಮಾರ್ಟ್ ಸಿಟಿ ಯೋಜನೆಗೆ ಆಯ್ಕೆಯಾದ ಊರು. ಊರಿನಲ್ಲಿ ಕ್ಯಾಮೆರಾಗಳು ಹೆಚ್ಚಿದಷ್ಟೂ ಈ ವಿಚಾರ ಹೆಚ್ಚು ಮುಖ್ಯವಾಗುತ್ತದೆ. ಕ್ಯಾಮೆರಾಗಳಿಗೆ ಬೇರೆಯೇ ವಿಲ್ಯಾನ್ ಇರಲಿ, ಅಲ್ಲಿಂದ ರೆಕಾರ್ಡರ್‌ಗೆ ಬಿಟ್ಟು ಬೇರೆಲ್ಲಿಗೂ ದಾರಿ ಬೇಡ. ಪೋರ್ಟ್‌ನಲ್ಲಿ ಶಟ್‌ಡೌನ್ ಆಯ್ಕೆ ಇರಲಿ.

ಇದೆಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಒಂದಿದೆ, ಅದಕ್ಕೆ ಹೊಸದೇನೂ ಕಲಿಯಬೇಕಿಲ್ಲ. ಬಳಸದ ಪೋರ್ಟ್‌ಗಳನ್ನು ಬಂದ್ ಮಾಡಿ. ಬಂದ್ ಮಾಡಿದವನ್ನು ಯಾವ ಸಾಧನವೂ ಇಲ್ಲದ ಒಂದು ವಿಲ್ಯಾನ್‌ಗೆ ಹಾಕಿಡಿ, ಮುಂದೆ ಯಾರಾದರೂ ಮರೆತು ಚಾಲೂ ಮಾಡಿದರೂ ಎಲ್ಲಿಗೂ ದಾರಿ ಸಿಗದಿರಲಿ. ಸ್ವಿಚ್ ಇರುವ ರ‍್ಯಾಕ್‌ಗೆ ಬೀಗ ಹಾಕಿ, ಬೀಗದ ಕೈ ರ‍್ಯಾಕ್ ಮೇಲೆಯೇ ಇಡಬೇಡಿ.

ಸ್ವಿಚ್ ಅನ್‌ಮ್ಯಾನೇಜ್ಡ್ ಆಗಿದ್ದರೆ ಇದರಲ್ಲಿ ಯಾವುದೂ ಸಾಧ್ಯವಿಲ್ಲ. ಅಂಥ ಕಡೆ ಮೊದಲ ಖರ್ಚು ಸ್ವಿಚ್ ಬದಲಿಸುವುದಕ್ಕೇ ಹೋಗಲಿ. 2016ರ ಫೆಬ್ರುವರಿಯಲ್ಲಿ ಬಾಂಗ್ಲಾದೇಶದ ಕೇಂದ್ರ ಬ್ಯಾಂಕಿನಿಂದ 8.1 ಕೋಟಿ ಡಾಲರ್ ಕಳವಾಯಿತು. ತನಿಖೆ ಮಾಡಿದ ಪೊಲೀಸರು ಹೇಳಿದ್ದು: ಅಲ್ಲಿ ಫೈರ್‌ವಾಲ್ ಇರಲಿಲ್ಲ, ಹತ್ತು ಡಾಲರ್ ಬೆಲೆಯ ಹಳೆಯ ಸೆಕೆಂಡ್‌ಹ್ಯಾಂಡ್ ಸ್ವಿಚ್‌ಗಳನ್ನು ಬಳಸುತ್ತಿದ್ದರು.

ಕಲಿಯಲು ಬಯಸುವ ವಿದ್ಯಾರ್ಥಿಗಳಿಗೆ ಒಂದು ಮಾತು. ವಿಟಿಯು ಇರುವ ಊರು ನಮ್ಮದು, ಸುತ್ತ ಇಂಜಿನಿಯರಿಂಗ್ ಕಾಲೇಜುಗಳೂ ಸಾಕಷ್ಟಿವೆ. ಕಂಪ್ಯೂಟರ್ ಪರದೆಯ ಮೇಲೆಯೇ ನೆಟ್‌ವರ್ಕ್ ಕಟ್ಟಿ ನೋಡುವ ಸಿಸ್ಕೊದ ಪ್ಯಾಕೆಟ್ ಟ್ರೇಸರ್ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಒಂದು ಸ್ವಿಚ್, ಎರಡು ಕಂಪ್ಯೂಟರ್ ಇಟ್ಟು ಸ್ಟಿಕ್ಕಿ ಹಾಕಿ, ಕೇಬಲ್ ಅದಲು ಬದಲು ಮಾಡಿ ನೋಡಿ. ಹಸಿರು ಇದ್ದ ಗುರುತು ಕೆಂಪಾಗುತ್ತದೆ. ಶೋ ಪೋರ್ಟ್-ಸೆಕ್ಯುರಿಟಿ ಇಂಟರ್‌ಫೇಸ್ ಎಂಬ ಆಜ್ಞೆ ಕೊಟ್ಟರೆ ಕೊನೆಗೆ ಬಂದ ಮ್ಯಾಕ್ ಯಾವುದು, ಎಷ್ಟು ಸಲ ಉಲ್ಲಂಘನೆ ಆಯಿತು ಎಂದು ತೋರಿಸುತ್ತದೆ. ಓದಿ ತಿಳಿಯುವುದಕ್ಕಿಂತ ಇದು ಬೇಗ ತಲೆಗೆ ಹೋಗುತ್ತದೆ.

ಕಚೇರಿಯಲ್ಲಿ ಹಾಕುವವರು ಮಾರ್ಚ್‌ನಲ್ಲಂತೂ ಶುರು ಮಾಡಬೇಡಿ. ವರ್ಷದ ಲೆಕ್ಕ ಮುಗಿಸುವ ಗಡಿಬಿಡಿಯಲ್ಲಿ ಒಂದು ಪೋರ್ಟ್ ಬಂದ್ ಆದರೂ ಎಲ್ಲರ ಸಿಟ್ಟು ಇದರ ಮೇಲೆ ತಿರುಗುತ್ತದೆ. ಮೇ ಅಥವಾ ಜೂನ್ ಒಳ್ಳೆಯ ಕಾಲ. ಲಾಗ್‌ಗಳನ್ನು ಸ್ವಿಚ್‌ನಲ್ಲೇ ಬಿಡದೆ ಬೇರೆ ಕಂಪ್ಯೂಟರ್‌ಗೆ ಕಳಿಸಿ. ಸ್ವಿಚ್‌ನ ಗಡಿಯಾರ ಸರಿಯಾಗಿರಲಿ. ಸೈಬರ್ ಘಟನೆಗಳನ್ನು ನೋಡಿಕೊಳ್ಳುವ ಕೇಂದ್ರ ಸರ್ಕಾರದ ಸಂಸ್ಥೆ ಸಿಇಆರ್‌ಟಿ-ಇನ್ 2022ರ ಏಪ್ರಿಲ್‌ನಲ್ಲಿ ಕೊಟ್ಟ ನಿರ್ದೇಶನದಂತೆ ಕಂಪನಿಗಳು, ಸರ್ಕಾರಿ ಕಚೇರಿಗಳು 180 ದಿನದ ಲಾಗ್ ಇಡಬೇಕು, ಸೈಬರ್ ಘಟನೆ ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ತಾನಾಗಿ ಎದ್ದೇಳುವ ಸೌಲಭ್ಯವನ್ನು ಗ್ರಾಹಕರು ಓಡಾಡುವ ಜಾಗದ ಪೋರ್ಟ್‌ಗಳಿಗೆ ಕೊಡಬೇಡಿ. ಅಲ್ಲಿ ಪೋರ್ಟ್ ಬಂದ್ ಆದರೆ ಒಬ್ಬರು ಎದ್ದು ಹೋಗಿ, ಗೋಡೆಯ ಹತ್ತಿರ ಏನು ಹಚ್ಚಿದೆ ಎಂದು ಕಣ್ಣಾರೆ ನೋಡಿ, ರಿಜಿಸ್ಟರ್‌ನಲ್ಲಿ ತಾರೀಖು, ಮ್ಯಾಕ್, ಕಾರಣ ಬರೆದ ಮೇಲೆಯೇ ಚಾಲೂ ಮಾಡಬೇಕು.